ಲುಸುಂಗು ಹೆಸರಿನ ಲ್ಯಾಪ್‌ಟಾಪ್

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮ್ಜೂಜು ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ಕೊಟ್ಟವಳು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಕೊನೆಯ ವರ್ಷದಲ್ಲಿದ್ದ ಲುಸುಂಗು ನ್ಯಿರೆಂದಾ. ಭಾನುವಾರ ಅವಳು ಚರ್ಚಿಗೆ ಹೋಗಿದ್ದಾಗ ಹಾಸ್ಟೆಲ್ ಕೋಣೆಯಿಂದ ಲ್ಯಾಪ್‌ಟಾಪ್ ಕಳುವಾಗಿತ್ತು. ಗುರುವಾರ ಪರೀಕ್ಷಕರಿಗೆ ತೋರಿಸಬೇಕಾದ ಪ್ರಾಜೆಕ್ಟ್ ಅದರಲ್ಲೇ ಇತ್ತು.

ಇನ್‌ಸ್ಪೆಕ್ಟರ್ ಮ್ಕಂದವಿರೆ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಚವುಲಾಳೊಂದಿಗೆ ಹಾಸ್ಟೆಲಿಗೆ ಹೋಗಿ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ. ಬೇರೇನೂ ಹೋಗಿರಲಿಲ್ಲ.

ಚವುಲಾ ಕಾವಲುಗಾರನನ್ನು ಪಕ್ಕಕ್ಕೆ ಕರೆದಳು. “ಬಾಗಿಲು ತೆಗೆದವನು ನೀನೇ ತಾನೆ?”

“ಬೆನ್ನಿಗೆ ಮಗು ಕಟ್ಕೊಂಡು ಒಬ್ಬಳು ಬಂದಿದ್ದಳು ಮೇಡಂ. ಮುಖ ಈ ಹುಡುಗೀದೇ ಥರ. ಮನೆಯವಳು ಅಂತ ತೆಗೆದೆ.”

“ಹೆಸರು ಕೇಳಲಿಲ್ವಾ?”

“ಕೇಳ್ದೆ. ಲುಸುಂಗು ನ್ಯಿರೆಂದಾ ಅಂದಳು. ಅದು ಕೋಣೆಯವಳ ಹೆಸರಲ್ವಾ ಅಂದೆ. ‘ನಂದೇ’ ಅಂದಳು. ತಮಾಷೆ ಅಂದ್ಕೊಂಡೆ.”

ಕಾವಲುಗಾರ ಹೇಳಿದ ಗುರುತಿನ ಮೇಲೆ ಮಧ್ಯಾಹ್ನ ಆ ಹೆಂಗಸು ಮಾರುಕಟ್ಟೆಯಲ್ಲಿ ಸಿಕ್ಕಳು. ಒಣಮೀನು ಮಾರುತ್ತಿದ್ದಳು. ಲ್ಯಾಪ್‌ಟಾಪ್ ಅವಳ ಚೀಲದಲ್ಲೇ ಇತ್ತು.

“ಯಾಕಮ್ಮ ತಗೊಂಡೆ?” ಎಂದು ಮ್ಕಂದವಿರೆ ಕೇಳಿದರು.

“ನಾನು ನಾಲ್ಕು ವರ್ಷ ಏನು ಓದಿದೆ ಅಂತ ನೋಡ್ಬೇಕಿತ್ತು ಸಾರ್.”

ದೂರು ಕೊಟ್ಟಿದ್ದ ಹುಡುಗಿ ಸಂಜೆ ಠಾಣೆಗೆ ಓಡಿ ಬಂದಳು. ಬೆಂಚಿನ ಮೇಲೆ ಮಗುವಿನೊಂದಿಗೆ ಕೂತಿದ್ದ ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತಳು.

“ಕೇಸ್ ವಾಪಸ್ ತಗೋತೀನಿ ಸಾರ್.”

“ಯಾವ ಹೆಸರಲ್ಲಿ ಸಹಿ ಹಾಕ್ತೀಯಾ?” ಎಂದರು ಮ್ಕಂದವಿರೆ.

ಅಕ್ಕನೇ ಹೇಳಿದಳು: “ಲುಸುಂಗು ನಾನು. ಅವಳು ನನ್ನ ತಂಗಿ ವೆಝಿ. ಶಾಲೆ ಪರೀಕ್ಷೇಲಿ ಗಣಿತದಲ್ಲಿ ಫೇಲಾಗಿದ್ದಳು.”

“ಅಪ್ಪ ಕಳಿಸಿದ್ದು ಅಕ್ಕಾ. ನಾನೇನ್ ಮಾಡ್ಲಿ?”

“ಒಂದ್ಸಲ ಬೇಡ ಅನ್ಬಹುದಿತ್ತಲ್ಲೇ.”

ಕಳವಿಗೆ ಅಕ್ಕನನ್ನು, ಪರರ ಹೆಸರಿನಲ್ಲಿ ಓದಿದ್ದಕ್ಕೆ ತಂಗಿಯನ್ನು ಬಂಧಿಸಲಾಯಿತು. ಮಗುವನ್ನು ಅಜ್ಜಿ ಬಂದು ಕರೆದೊಯ್ದಳು.

ಸೀಟು ಸಿಕ್ಕ ವರ್ಷ ಲುಸುಂಗು ಮೊದಲ ಮಗುವಿಗೆ ಬಸುರಿಯಾಗಿದ್ದಳು. ಸಿಕ್ಕ ಸೀಟು ಹಾಳಾಗಬಾರದೆಂದು ತಂದೆ ಅವಳ ಅಂಕಪಟ್ಟಿ ಕೊಟ್ಟು ಕಿರಿಯವಳನ್ನು ಕಳಿಸಿದ್ದ. ಮುಂದಿನ ತಿಂಗಳು ಪದವಿ ಪ್ರದಾನ. ವೇದಿಕೆಯ ಮೇಲೆ ತನ್ನ ಹೆಸರು ಕೂಗಿದಾಗ ತಂಗಿ ಎದ್ದು ಹೋಗುತ್ತಾಳೆಂಬುದನ್ನು ಲುಸುಂಗುವಿಗೆ ಸಹಿಸಲಾಗಿರಲಿಲ್ಲ. ಭಾನುವಾರ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಪರದೆಯ ಮೇಲೆ ಅದೇ ಹೆಸರು ಮೂಡಿ, ಕೆಳಗೆ ಪಾಸ್‌ವರ್ಡ್ ಕೇಳಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ.