ಯಾರೂ ಉಳಿಸದ ಗಂಟು

ಒಂದು ನಿಮಿಷ, ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿ. ನಗು ಬಂದರೆ ಆಮೇಲೆ ನಗುವಿರಂತೆ. ಊರಿಗೆ ಹೊಸದಾಗಿ ಬಂದ ಡಾಕ್ಟರೂ ನಕ್ಕಿದ್ದ.

"ಅದನ್ನ ಬಿಚ್ಚಬೇಡ ಮಗಾ," ಎಂದಿದ್ದಳು ಗಂಟಜ್ಜಿ, ಆಸ್ಪತ್ರೆಯ ಬಟ್ಟೆ ಒಗೆಯುವ ಮುದುಕಿ. ಅವಳು ಯಾರ ಮನೆಯ ಬಟ್ಟೆಹಗ್ಗಕ್ಕೆ ಕರಿನೂಲಿನ ಗಂಟು ಹಾಕುತ್ತಾಳೋ ಆ ಮನೆಯಲ್ಲಿ ಹೆಣ ಬೀಳುತ್ತದೆಂದು ಬೀದಿಗೆ ಬೀದಿಯೇ ನಡುಗುತ್ತಿತ್ತು. ಆ ಬೆಳಿಗ್ಗೆ ಡಾಕ್ಟರನ ಹಿತ್ತಲಲ್ಲೇ ಗಂಟು ಬಿದ್ದಿತ್ತು, ಜ್ವರ ಬಂದು ಮಲಗಿದ್ದ ಮಗಳ ಫ್ರಾಕಿನ ಪಕ್ಕದಲ್ಲಿ.

ಸಂಜೆ ಮುದುಕಿಯನ್ನು ಏನು ಮಾಡಬೇಕೆಂದು ಸಭೆ ಸೇರಿತು. ಕಿಟಕಿಯಿಲ್ಲದ ಕೋಣೆ. ಬೆವರು, ಹೊಗೆ, ಹಲ್ಲು ಮಸೆತ.

"ನನ್ನ ತಮ್ಮನ ಮನೇಗೆ ಕಟ್ಟಿದ್ಲು, ಅವನು ಸತ್ತ. ದರ್ಜಿ ಮನೇಗೆ ಕಟ್ಟಿದ್ಲು, ಅವನ ಹೆಂಡ್ತಿ ಸತ್ಲು. ಇನ್ನೇನ್ರೀ ಬೇಕು ಸಾಕ್ಷಿ?" ಕಟುಕ ಮೇಜು ಗುದ್ದಿದ.

"ಕಾಗೆ ಕೂತಿದ್ದಕ್ಕೇ ಕೊಂಬೆ ಮುರೀತಾ?" ಡಾಕ್ಟರ್ ಎದ್ದು ನಿಂತ. "ಕಾಯಿಲೆ ಇರೋ ಮನೇಗೇ ಅವಳು ಹೋಗೋದು. ಕಾಯಿಲೆಯೋರು ಸಾಯ್ತಾರೆ. ತಲೇಲಿ ಏನು ಹೊಟ್ಟು ತುಂಬ್ಕೊಂಡಿದೀರಾ?"

"ನಿಮ್ಮನೇಲಿ ಹೆಣ ಬಿದ್ರೆ ಬುದ್ಧಿ ಬರುತ್ತೆ ಬಿಡಿ ಡಾಕ್ಟ್ರೇ."

"ಬನ್ನಿ ಎಲ್ರೂ! ನಿಮ್ಮ ಕಣ್ಣೆದುರಿಗೇ ಕತ್ತರಿಸ್ತೀನಿ."

ಹಿತ್ತಲಲ್ಲಿ ಮಬ್ಬುಗತ್ತಲೆ. ಗಂಟಿನ ಹತ್ತಿರ ಕೂದಲು ಸುಟ್ಟ ವಾಸನೆ. ಗುಂಪು ಮುದುಕಿಯನ್ನೂ ಎಳೆದು ತಂದಿತ್ತು. ಡಾಕ್ಟರ್ ಗಂಟು ಮುಟ್ಟಿದ. ಬೆಚ್ಚಗಿತ್ತು. ಮೆಲ್ಲಗೆ ಮಿಡಿಯುತ್ತಿತ್ತು. ಕೈ ಹಿಂದೆಳೆಯಲು ನಾಚಿಕೆಯಾಗಿ ಕತ್ತರಿ ಆಡಿಸಿಬಿಟ್ಟ. ನೂಲು ನೆಲಕ್ಕೆ ಬಿತ್ತು.

"ಏನಾಯ್ತು? ಈಗ ಬೊಗಳಿ!"

ಒಳಗಿಂದ ಹೆಂಡತಿಯ ದನಿ. "ರೀ... ಮಗು ಉಸಿರಾಡ್ತಿಲ್ಲ ರೀ!"

ಓಡಿದ. ಎದೆ ಒತ್ತಿದ. ಬಾಯಿಗೆ ಬಾಯಿಟ್ಟು ಊದಿದ. ಒತ್ತಿದ. ಊದಿದ. ತುಟಿ ನೀಲಿ. ಕಿಟಕಿಯಾಚೆ ಒಣಕಡ್ಡಿ ಮುರಿದ ಸದ್ದು. ಒಂದರ ಹಿಂದೊಂದು. ಗುಂಪು ಮುರಿಯುತ್ತಿದ್ದದ್ದು ಮುದುಕಿಯ ಬೆರಳುಗಳನ್ನು.

"ನಿಮ್ಮ ತಮ್ಮನ ಮನೆ ಗಂಟು ಏನ್ಮಾಡಿದ್ರಿ?" ಡಾಕ್ಟರ್ ಒಳಗಿಂದಲೇ ಕಿರುಚಿದ.

"ಕತ್ತರಿಸಿ ಸುಟ್ವಿ," ಕಟುಕ ಕೂಗಿದ. "ಎಲ್ರೂ ಅದನ್ನೇ ಮಾಡಿದ್ದು. ಮಾಟದ ಗಂಟು ಯಾರು ಇಟ್ಕೋತಾರೆ?"

ಗಂಟು ಉಳಿದ ಮನೆ ಒಂದೂ ಇಲ್ಲ. ಅದನ್ನು ಡಾಕ್ಟರ್ ಇಷ್ಟು ಹೊತ್ತೂ ಯಾರನ್ನೂ ಕೇಳಿಯೇ ಇರಲಿಲ್ಲ.

"ಹೋಗೋ ಉಸಿರನ್ನ ಹಿಡ್ಕೊಂಡಿತ್ತು ಆ ಗಂಟು," ಮುದುಕಿ ಕಿಟಕಿಗೊರಗಿ ಅವನಿಗಷ್ಟೇ ಕೇಳುವಂತೆ ನರಳಿದಳು. "ಬಿಚ್ಚಿದ ಕೈಯೇ ಕಟ್ಬೇಕು."

ಕಟ್ಟಬೇಕಾದರೆ ಮಗುವಿನ ಎದೆಯಿಂದ ಕೈ ತೆಗೆಯಬೇಕು. ಕೊನೆಯದಾಗಿ ಒಮ್ಮೆ ಊದಿದ. ಕೈ ತೆಗೆದ. ಓಡಿದ. ಹಿತ್ತಲ ಕತ್ತಲಲ್ಲಿ ಯಾರಿಗೂ ಕಾಣದಂತೆ ನೂಲು ಹೆಕ್ಕಿದ. ಫ್ರಾಕಿನ ಮರೆಯಲ್ಲಿ ಹಗ್ಗಕ್ಕೆ ಕಟ್ಟಿದ. ಬಿಗಿದ.

ಒಳಗೆ ಮಗು ಕೆಮ್ಮಿತು. ಅತ್ತಿತು.

"ನೋಡಿದ್ರಾ!" ಕಟುಕ ಕುಣಿದ. "ಬೆರಳು ಮುರಿದ್ವಿ, ಮಗು ಬದುಕ್ತು! ಕತ್ತೂ ಮುರಿದ್ರೆ ಊರೇ ಉಳಿಯುತ್ತೆ!"

ಗುಂಪು ಮುದುಕಿಯತ್ತ ತಿರುಗಿತು. ಅವಳು ಡಾಕ್ಟರನನ್ನೇ ನೋಡುತ್ತಿದ್ದಳು. ಅವನು ಬಾಯಿ ತೆರೆದ. ಗಂಟು ಮತ್ತೆ ಕಟ್ಟಿದ್ದನ್ನು ಹೇಳಿದರೆ ಇವರು ಮೊದಲು ಆ ಗಂಟನ್ನೇ ಕತ್ತರಿಸುತ್ತಾರೆ. ಹೇಳದಿದ್ದರೆ ಮುದುಕಿ ಸಾಯುತ್ತಾಳೆ. ಅವನಿಗಾದರೂ ಖಾತ್ರಿಯಿತ್ತೇ, ಮಗುವನ್ನು ಉಳಿಸಿದ್ದು ನೂಲೋ, ಊದಿದ ಆ ಕೊನೆಯ ಉಸಿರೋ?

ಬಾಯಿ ಮುಚ್ಚಿದ. ಫ್ರಾಕನ್ನು ಎಳೆದು ಗಂಟನ್ನೂ ಮುಚ್ಚಿದ.

ಅವನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?