ಒಂಬತ್ತನೇ ನಂಬರಿನ ಅಕ್ವೇರಿಯಂ

"ಅಲ್ರೀ, ಕತ್ತೆಗಿಂತ ಕೆಳಗಾ ನನ್ನ ಮೀನುಗಳು?"

ಹೀಗೆ ಕೇಳಿಕೊಂಡೇ ತುಲ್ಕಿನ್ ಮೊದಲ ಸಲ ಸಾದತ್‌ಳ ಕೋಣೆಗೆ ನುಗ್ಗಿದ್ದ. ತಾಷ್ಕೆಂಟಿನ ಆ ಮೃಗಾಲಯದಲ್ಲಿ ಅವನು ಅಕ್ವೇರಿಯಂ ನೋಡಿಕೊಳ್ಳುವವನು, ಅವಳು ಕಚೇರಿಯವಳು. ಒಂದೇ ಗಂಟೆ ಪುರುಸೊತ್ತಿರುವವರು ಏನೇನು ನೋಡಬೇಕೆಂದು ಹತ್ತು ಜಾಗಗಳ ಪಟ್ಟಿ ಬರೆದು ಗೇಟಿಗೆ ಹಾಕಿಸಿದ್ದಳು. ಹಿಮಚಿರತೆ ಮೊದಲು, ಕರಡಿ ಎರಡು. ಮಕ್ಕಳ ಕೈಯಿಂದ ಕ್ಯಾರೆಟ್ ತಿನ್ನುವ ಕತ್ತೆ ಎಂಟು. ಅಕ್ವೇರಿಯಂ ಒಂಬತ್ತು.

"ಜನ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ತಾರೆ ಅಂತ ಗಡಿಯಾರ ಹಿಡ್ಕೊಂಡು ನೋಡಿದೀನಿ. ನಿಮ್ಮಲ್ಲಿ ನಾಲ್ಕು ನಿಮಿಷ, ಕತ್ತೆ ಹತ್ರ ಆರು," ಎಂದಳು.

"ನನ್ನ ಮೀನು ಕ್ಯಾರೆಟ್ ತಿನ್ನಲ್ಲ, ಅದೇ ಅದರ ತಪ್ಪು ಬಿಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಆ ನಗುವನ್ನೇ ನೋಡುತ್ತ, ಜಗಳಕ್ಕೆ ಬಂದದ್ದನ್ನೇ ಮರೆತ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಬರಬರುತ್ತ ಮೀನಿನ ವಕಾಲತ್ತು ಬರೀ ನೆಪವಾಯಿತು. ಮೂವತ್ತೆಂಟರ ಸಾದತ್, ಅವನು ಬರುವ ಹೊತ್ತು, ಮಧ್ಯಾಹ್ನ ಮೂರಾಗುತ್ತಲೇ ಕನ್ನಡಿ ನೋಡಿಕೊಳ್ಳತೊಡಗಿದಳು. ಥೂ, ಈ ವಯಸ್ಸಲ್ಲಿ ಇದೇನು ಎಂದು ತನ್ನನ್ನೇ ಬೈದುಕೊಂಡಳು.

ಒಂದು ದಿನ ಅವನಿಗೆಂದೇ ಹಸಿರು ಚಹಾ ಮಾಡಿ, ಬಟ್ಟಲು ತುಂಬ ಬಗ್ಗಿಸಿ ಮುಂದಿಟ್ಟಳು. ಅವನ ಮುಖ ಸಪ್ಪಗಾಯಿತು. ಎರಡೇ ಗುಟುಕಿಗೆ ಕುಡಿದು, "ಬರ್ತೀನಿ" ಎಂದು ಎದ್ದುಹೋದ.

ಸಂಜೆ ಮನೆಯಲ್ಲಿ ತನಗೆ ಚಹಾ ಬಗ್ಗಿಸಿಕೊಳ್ಳುವಾಗ ಅವಳ ಕೈ ಗಕ್ಕನೆ ನಿಂತಿತು. ಅಯ್ಯೋ! ಬೇಕಾದವರಿಗೆ ಅರ್ಧ ಬಟ್ಟಲು ಹಾಕಬೇಕು, ಮತ್ತೆ ಮತ್ತೆ ಬಗ್ಗಿಸುತ್ತ ಕೂರಿಸಿಕೊಳ್ಳಬೇಕು. ತುಂಬಿ ಕೊಟ್ಟರೆ ಕುಡಿದು ಹೊರಡು ಎಂದೇ ಅರ್ಥ. ಅದು ಆ ನಾಡಿನ ಚಿಕ್ಕಮಕ್ಕಳಿಗೂ ಗೊತ್ತು. ಆದರೆ ಅಮ್ಮ ತೀರಿಕೊಂಡ ಮೂರು ವರ್ಷದಿಂದ ಸಾದತ್ ಚಹಾ ಬಗ್ಗಿಸಿದ್ದು ತನಗೊಬ್ಬಳಿಗೇ. ಪದೇಪದೇ ಯಾರು ಏಳುತ್ತಾರೆಂದು ಒಂದೇ ಸಲ ತುಂಬಿಸಿಕೊಳ್ಳುತ್ತಿದ್ದಳು. ಬಂದವರಿಗೆ ಬಗ್ಗಿಸುವುದೇ ಕೈಗೆ ಮರೆತುಹೋಗಿತ್ತು. ಅಡುಗೆಮನೆಯಲ್ಲೇ ಕೂತು ಅತ್ತಳು.

ಹನ್ನೊಂದು ದಿನ ಅವನು ಬರಲಿಲ್ಲ. ಹೋಗಿ ಹೇಳೋಣವೆಂದರೆ ಅವಳಿಗೆ ನಾಚಿಕೆ. ಹನ್ನೆರಡನೇ ದಿನ ಕಸ ಗುಡಿಸುವ ಖೋಸಿಯತ್ ಬಂದು, "ಮೀನಿನವ್ನು ಸಮರ್‌ಕಂದಕ್ಕೆ ವರ್ಗ ಮಾಡಿಸ್ಕೊಂಡ್ನಂತೆ ಕಣಮ್ಮಾ, ಸೋಮವಾರ ಹೊರಡ್ತಾನಂತೆ," ಎಂದಳು. ಸಾದತ್ ಕೋಟನ್ನೂ ಹಾಕಿಕೊಳ್ಳದೆ ಓಡಿದಳು.

ಅಕ್ವೇರಿಯಂನಲ್ಲಿ ನರಪಿಳ್ಳೆ ಇರಲಿಲ್ಲ. ತುಲ್ಕಿನ್ ಒಬ್ಬನೇ ಗಾಜು ಉಜ್ಜುತ್ತಿದ್ದ.

"ಆವತ್ತು ಬಟ್ಟಲು ತುಂಬಿಸಿದ್ದು ನಿಮ್ಮನ್ನ ಕಳಿಸೋಕಲ್ಲ ಕಣ್ರೀ," ಬಾಗಿಲಲ್ಲೇ ಏದುಸಿರು ಬಿಡುತ್ತ ಹೇಳಿದಳು. "ಒಬ್ಬಳೇ ಕುಡಿದೂ ಕುಡಿದೂ ಹಾಗಾಗಿದೆ. ನೀವಿಲ್ದೆ ಈಗ ಮೂರು ಗಂಟೆ ಯಾಕಾದ್ರೂ ಆಗುತ್ತೋ ಅನ್ಸುತ್ತೆ."

ಕೈಯ ಸ್ಪಂಜಿನ ನೀರೆಲ್ಲ ಅವನ ಬೂಟಿನ ಮೇಲೆ ಇಳಿಯಿತು.

"ಕಾಗದಕ್ಕೆ ಸಹಿ ಹಾಕಿಬಿಟ್ಟೆನಲ್ರೀ. ನನ್ನ ಜಾಗಕ್ಕೆ ಬೇರೆಯವನು ನಾಳೆನೇ ಬರ್ತಾನೆ." ಸ್ಪಂಜನ್ನು ಬಕೆಟ್ಟಿಗೆ ಹಾಕುತ್ತ ಕೇಳಿದ, "ಪಟ್ಟಿನಾದ್ರೂ ಬದಲಾಯ್ಸಿದ್ರಾ?"

"ಇಲ್ಲ. ಒಂಬತ್ತೇ."

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು.

"ನಿಮ್ಮನೆಗೆ ಹೆಣ್ಣು ಕೇಳೋಕೆ ಹೆಂಗಸ್ರನ್ನ ಕಳಿಸ್ಬೇಕು ಅಂತಿದ್ದೆ," ಎಂದ ತುಲ್ಕಿನ್. "ಕಳಿಸೋಕೆ ನನಗ್ಯಾರಿದಾರೆ? ಅಮ್ಮ ಇಲ್ಲ, ಅಕ್ಕ ಇಲ್ಲ."

"ಬಂದಿದ್ರೂ ಎದುರುಗೊಳ್ಳೋಕೆ ನಮ್ಮನೇಲಿ ಯಾರಿದ್ರು?"

ಮೀನಿನ ತೊಟ್ಟಿಯ ಪಂಪು ಗುಯ್ಯೆನ್ನುತ್ತಿತ್ತು. ಇಷ್ಟು ದಿನ ಇಬ್ಬರೂ ಬೇರೆಬೇರೆಯಾಗಿ ಅನುಭವಿಸಿದ್ದ ಒಂಟಿತನ ಈಗ ಒಂದೇ ಕೋಣೆಯಲ್ಲಿತ್ತು.

"ಹಾಗಾದ್ರೆ ಸೋಮವಾರ ರೈಲಿಗೆ ಮುಂಚೆ ನೀವೇ ಬನ್ನಿ," ಎಂದಳು ಸಾದತ್. "ನೀವೇ ಕೇಳಿ. ದೊಡ್ಡೋರ ಜಾಗದಲ್ಲಿ ನಾನೇ ಕೂತಿರ್ತೀನಿ."

"ದೊಡ್ಡೋರು ಒಪ್ತಾರಾ?"

"ಒಂದೇ ಸಲಕ್ಕೆ ಒಪ್ಪಿದ್ರೆ ಹೆಣ್ಣಿನ ಕಡೆಯವರ ಮರ್ಯಾದೆ ಏನಾಗ್ಬೇಕು? ಮೊದಲನೇ ಸಲ ಆಗಲ್ಲ ಅಂತಾರೆ. ಎರಡನೇ ಸಲ ಯೋಚನೆ ಮಾಡ್ತೀವಿ ಅಂತಾರೆ. ಸಮರ್‌ಕಂದದಿಂದ ಅಷ್ಟು ಸಲ ಬರ್ತೀರಾ?"

"ಬರ್ತೀನಿ. ಮೂರನೇ ಸಲ?"

ಅವಳು ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು.

"ಮೂರನೇ ಸಲ ಬಾಗಿಲು ತಟ್ಟಬೇಡಿ," ಎಂದಳು. "ತೆಗೆದೇ ಇರುತ್ತೆ."