ಎಂಟು ನಿಮಿಷದ ರಾಜೀನಾಮೆ

ಶುಕ್ರವಾರ ವಿಷ್ಣುಪ್ರಸಾದ್ ರಾಜೀನಾಮೆ ಕೊಟ್ಟರು. ನನಗೆ ವಿಷಯ ಹೇಳಿದ್ದು ಅವರಲ್ಲ, ಆಫೀಸಿನ ಪೊನ್ನಮ್ಮ.

ಈಗಿನ ಎಚ್ಚೆಮ್ ವಿಮಲಮ್ಮ ಮೇಡಂ ಬರುವ ಮಾರ್ಚಿಗೆ ನಿವೃತ್ತರಾದ ಮೇಲೆ ಕಕ್ಕಬೆಯ ನಮ್ಮ ಶಾಲೆಗೆ ನಾನೇ ಮುಖ್ಯೋಪಾಧ್ಯಾಯಿನಿ ಎಂದು ಆಡಳಿತ ಮಂಡಳಿ ಬುಧವಾರವಷ್ಟೇ ತೀರ್ಮಾನಿಸಿತ್ತು. ಎರಡೇ ದಿನಕ್ಕೆ ಗಣಿತದ ಮೇಷ್ಟ್ರು ಗಂಟುಮೂಟೆ ಕಟ್ಟಿದರೆ ಏನೆಂದುಕೊಳ್ಳಬೇಕು? ಜೊತೆಯಲ್ಲೇ ಪಾಠ ಮಾಡಿದ ಹೆಂಗಸಿನ ಕೈಕೆಳಗೆ ಕೆಲಸ ಮಾಡಲು ಮನಸ್ಸಿಲ್ಲ, ಅಷ್ಟೆ. ಅಲ್ಲಿಂದ ಶನಿವಾರ ಮಧ್ಯಾಹ್ನದವರೆಗೆ ನಾನು ಒಂದು ಕಡೆ ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಒಮ್ಮೆಯೂ ಉಣ್ಣಲಿಲ್ಲ.

ಸಿಟ್ಟು ಬಂದದ್ದು ನ್ಯಾಯವೇ. ಜೊತೆಗೆ ಅಳುವೂ ಬರುತ್ತಿತ್ತಲ್ಲ, ಅದು ನನಗೆ ಹಿಡಿಸಲಿಲ್ಲ.

ಮುಂದೆ ಎಚ್ಚೆಮ್ ಆಗಬಯಸುವ ಶಿಕ್ಷಕರಿಗೆಂದು ನಡೆಯುವ ಆನ್‌ಲೈನ್ ಕೋರ್ಸಿಗೆ ಜೂನ್‌ನಲ್ಲಿ ನಾವಿಬ್ಬರೂ ಸೇರಿದ್ದೆವು. ಪ್ರತಿ ಶನಿವಾರ ಮೂರಕ್ಕೆ ಕ್ಲಾಸು. ಇಬ್ಬರ ಮನೆಯಲ್ಲೂ ನೆಟ್‌ವರ್ಕ್ ಇಲ್ಲ, ಶಾಲೆಯ ವೈಫೈಯೇ ಗತಿ. ಒಂದೇ ಕೋಣೆಯಲ್ಲಿ ಕುಳಿತರೆ ಮೈಕು ಕಿರುಚುತ್ತದೆಂದು ನಾನು ಸ್ಟಾಫ್‌ರೂಮಿನಲ್ಲಿ, ಅವರು ಗೋಡೆಯಾಚೆ ಲೈಬ್ರರಿಯಲ್ಲಿ. ಅವರ ಮಾತು ಮೊದಲು ಗೋಡೆಯಿಂದ, ಆಮೇಲೆ ಇಯರ್‌ಫೋನಿನಿಂದ, ಎರಡೆರಡು ಸಲ ಕೇಳುತ್ತಿತ್ತು. ಎಂಟು ತಿಂಗಳಲ್ಲಿ ನನಗದು ಚಟವಾಗಿಬಿಟ್ಟಿತ್ತು.

ಬ್ರೇಕಿನಲ್ಲಿ ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. "ಸಕ್ಕರೆ ಕಮ್ಮಿ ಉಂಟು."

"ಕಮ್ಮಿ ಇದ್ಮೇಲೆ ಉಂಟು ಹೆಂಗಾಗುತ್ತೆ ಸರ್?"

ಮಡಿಕೇರಿಯವರ ಮಾತನ್ನು ಸೋಮವಾರಪೇಟೆಯವಳು ಹೀಗೆ ರೇಗಿಸಿದಾಗ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದರು. ಆ ಒಂದು ಕ್ಷಣ ನನಗೆ ವಾರವಿಡೀ ಸಾಕಾಗುತ್ತಿತ್ತು.

ಈ ಶನಿವಾರ ನಾನು ಬಾಗಿಲು ಹಾಕಿಕೊಂಡು ಕುಳಿತೆ.

ತರಬೇತಿ ಕೊಡುವ ವೇದಾವತಿ ಮೇಡಂ ಅಂದಿನ ಅಭ್ಯಾಸ ಓದಿದರು. "ನಿಮ್ಮ ಶಾಲೆಯ ಒಳ್ಳೆಯ ಶಿಕ್ಷಕರೊಬ್ಬರು ರಾಜೀನಾಮೆ ಕೊಟ್ಟಿದ್ದಾರೆ. ಎಂಟು ನಿಮಿಷದಲ್ಲಿ ಅವರನ್ನ ಉಳಿಸಿಕೊಳ್ಳಿ. ಒಬ್ಬರು ಎಚ್ಚೆಮ್, ಒಬ್ಬರು ಶಿಕ್ಷಕರು, ಇನ್ನೊಬ್ಬರು ನೋಡಿ ಮಾರ್ಕ್ಸ್ ಕೊಡ್ತಾರೆ."

ಮೂರು ಮೂರು ಜನರನ್ನು ಬೇರೆ ಬೇರೆ ರೂಮಿಗೆ ಕಂಪ್ಯೂಟರೇ ಹಂಚುತ್ತದೆ. ನನ್ನ ಪಾಲಿಗೆ ಎಚ್ಚೆಮ್ ಪಾತ್ರ. ಮಾರ್ಕ್ಸ್ ಕೊಡಲು ಕುಶಾಲನಗರದ ಹಿರಿಯ ಮೇಷ್ಟ್ರು ಶಾಂತಪ್ಪನವರು. ಶಿಕ್ಷಕ ಯಾರೆಂದು ನೋಡುವ ಮೊದಲೇ ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡರು.

"ಶುರು ಮಾಡಿ ಅಮೃತಾ ಮೇಡಂ, ಟೈಮ್ ಓಡ್ತಾ ಇದೆ," ಎಂದರು ಶಾಂತಪ್ಪನವರು.

"ರಾಜೀನಾಮೆ ಕೊಟ್ರಂತೆ," ಎಂದೆ.

"ಕೊಟ್ಟಿದ್ದೇನೆ," ಎಂದರು ವಿಷ್ಣುಪ್ರಸಾದ್.

"ಜೊತೆಗಿದ್ದ ಹೆಂಗಸು ಎಚ್ಚೆಮ್ ಆದ್ರೆ ಸಹಿಸಕ್ಕಾಗಲ್ವಾ ನಿಮಗೆ?"

"ಮೇಡಂ, ಊಹೆ ಮಾಡಬಾರ್ದು, ಕಾರಣ ಕೇಳ್ಬೇಕು ಅಂತ ಇದೆ ಇಲ್ಲಿ," ಶಾಂತಪ್ಪನವರು ಹಾಳೆ ನೋಡಿದರು. "ಒಂದು ಮಾರ್ಕ್ ಹೋಯ್ತು."

"ಸರಿ. ಕಾರಣ ಹೇಳಿ."

ವಿಷ್ಣುಪ್ರಸಾದ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ನಿಮ್ಮ ಹೆಸರನ್ನ ಮಂಡಳಿಗೆ ಮೊದಲು ಹೇಳಿದ್ದೇ ನಾನು. ನಿಮಗಿಂತ ಒಳ್ಳೆ ಎಚ್ಚೆಮ್ ಈ ಶಾಲೆಗೆ ಸಿಕ್ಕುದಿಲ್ಲ."

"ಮತ್ತೆ ಯಾಕೆ ಹೋಗ್ತೀರಿ?"

"ನಿಯಮ ಓದಿದ್ದೀರಾ? ಎಚ್ಚೆಮ್ ಆದವರ ಮನೆಯವರು ಅದೇ ಶಾಲೆಯಲ್ಲಿ ಕೆಲಸ ಮಾಡುವ ಹಾಗಿಲ್ಲ."

"ನಮ್ಮ ಮನೆಯವರು ಯಾರೂ ಇಲ್ಲಿಲ್ವಲ್ಲ."

ಅವರು ಕನ್ನಡಕ ಹಾಕಿಕೊಂಡು, ಮೂಗಿನ ತುದಿಗೆ ಇಳಿಸಿ ನೋಡಿದರು. ಮದುವೆಯಾದ ಹೆಂಗಸರು 'ನಮ್ಮ ಮನೆಯವರು' ಎಂದು ಯಾರನ್ನು ಕರೆಯುತ್ತಾರೆಂದು ಈ ಪೆದ್ದಿಗೆ ಆಗ ಹೊಳೆಯಿತು. ಕಿವಿ ಬಿಸಿಯಾಯಿತು.

"ಮನೆಯವರು ಅಂದ್ರೆ..."

"ಅದೇ ಅರ್ಥ," ಎಂದರು. "ಇಲ್ಲಿದ್ದುಕೊಂಡು ಕೇಳಿ, ನೀವು ಒಪ್ಪಿದ್ರೆ ಹುದ್ದೆ ಬಿಡ್ಬೇಕಾಗ್ತದೆ. ಅದಕ್ಕೆ ನಾನೇ ಬಿಟ್ಟೆ. ವಿರಾಜಪೇಟೆಯಲ್ಲಿ ಕೆಲಸ ಸಿಕ್ಕಿದೆ."

"ಮೊದಲು ಕೇಳಿ, ಆಮೇಲೆ ಬಿಡಬಹುದಿತ್ತು."

"ಹಾಗೆ ಮಾಡಿದ್ರೆ ನಿಮ್ಮ ತಲೆ ಮೇಲೆ ಹೊರೆ ಇಟ್ಟ ಹಾಗೆ. ನೀವು ಬೇಡ ಅಂದ್ರೂ ನನಗೆ ಬೇಜಾರಿಲ್ಲ." ತಡೆದು, "ಬೇಜಾರುಂಟು. ತುಂಬ ಉಂಟು," ಎಂದರು.

"ಇದು ಪಾತ್ರದ ಮಾತಾ, ನಿಜದ್ದಾ?" ಶಾಂತಪ್ಪನವರು ಮೆಲ್ಲಗೆ ಕೇಳಿದರು. ನಮ್ಮಿಬ್ಬರ ಮುಖ ನೋಡಿ ತಾವೇ ಕ್ಯಾಮೆರಾ ಆಫ್ ಮಾಡಿಕೊಂಡರು. ಬರೀ ಧ್ವನಿ ಬಂತು, "ಇನ್ನು ಒಂದೇ ನಿಮಿಷ ಮೇಡಂ."

ಇರಿ ಎನ್ನಲು ಬಾಯಿ ತವಕಿಸುತ್ತಿತ್ತು. ಇದ್ದರೆ ದಿನವೂ ಗೋಡೆಯಾಚೆ ಇರುತ್ತಾರೆ. ಬರೀ ಗೋಡೆಯಾಚೆ. ಹೋಗಿ ಎಂದರೆ ಸೋಮವಾರದಿಂದಲೇ ಈ ಕಾರಿಡಾರು ನನ್ನನ್ನು ತಿಂದುಹಾಕುತ್ತದೆ. ಇಪ್ಪತ್ತು ಸೆಕೆಂಡು. ಹತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ರೂಮು ಮುಚ್ಚಿತು.

ನಲವತ್ತು ಮುಖಗಳು ತೆರೆಯ ಮೇಲೆ ವಾಪಸು ಬಂದವು. ವೇದಾವತಿ ಮೇಡಂ ಒಂದೊಂದೇ ತಂಡವನ್ನು ಕೇಳುತ್ತ ಬಂದರು. ಮೂಲೆಯ ಪುಟ್ಟ ಚೌಕದಲ್ಲಿ ವಿಷ್ಣುಪ್ರಸಾದ್ ತಲೆ ಎತ್ತಿರಲಿಲ್ಲ.

"ಅಮೃತಾ, ಶಿಕ್ಷಕರನ್ನ ಉಳಿಸಿಕೊಂಡ್ರಾ?"

"ಇಲ್ಲ ಮೇಡಂ. ಕಳಿಸಿಕೊಡ್ತಾ ಇದೀನಿ."

"ಅಯ್ಯೋ, ಯಾಕಮ್ಮಾ? ಒಳ್ಳೆ ಶಿಕ್ಷಕರು ಅಂತಲ್ವಾ?"

"ತುಂಬ ಒಳ್ಳೆಯವರು ಮೇಡಂ. ಆದ್ರೆ ಅವರು ನಮ್ಮ ಮನೆಯವರು. ಒಂದೇ ಶಾಲೆಯಲ್ಲಿ ಇರೋ ಹಾಗಿಲ್ಲ."